ಕಾರಿನ ಮ್ಯಾಪ್ ಬೇಕೇ, ಮೊಬೈಲೇ ಸಾಕೇ? ಕರಾವಳಿಯ ದಾರಿಗೆ ಹೊಂದುವ ಆಯ್ಕೆ

ಹೊಸ ಕಾರು ಕೊಳ್ಳಲು ಹೊರಟ ಮನೆಗಳಲ್ಲಿ ಬಣ್ಣ, ಮೈಲೇಜು, ಬ್ಯಾಂಕಿನ ಕಂತು ಎಲ್ಲ ತೀರ್ಮಾನವಾದ ಮೇಲೂ ಒಂದು ಚರ್ಚೆ ಉಳಿದಿರುತ್ತದೆ. ನಡುವಿನ ಮಾದರಿಯಿಂದ ಟಾಪ್ ಮಾಡೆಲಿಗೆ ಏರಿಸಲು ಶೋರೂಮಿನವರು ತೋರಿಸುವ ಆಸೆಗಳಲ್ಲಿ ಕಾರಿನೊಳಗೇ ಅಳವಡಿಸಿದ ನ್ಯಾವಿಗೇಶನ್ ಒಂದು. ‘ಮೊಬೈಲಿನಲ್ಲಿ ಪುಕ್ಕಟೆ ಸಿಗುವುದಕ್ಕೆ ದುಡ್ಡು ಕೊಡುವುದೇಕೆ?’ ಎಂದು ಮಗಳು ಕೇಳುತ್ತಾಳೆ. ‘ದಾರಿಯಲ್ಲಿ ನೆಟ್‌ವರ್ಕ್ ಹೋದರೆ ಏನು ಮಾಡುತ್ತೀ?’ ಎಂದು ಅಪ್ಪ ಕೇಳುತ್ತಾರೆ. ಇಬ್ಬರ ಪ್ರಶ್ನೆಯೂ ಸರಿಯಾದದ್ದೇ. ಉತ್ತರ ಮಾತ್ರ ಆ ಮನೆಯವರು ಎಲ್ಲಿಂದ ಎಲ್ಲಿಗೆ ಓಡಾಡುವವರು ಎಂಬುದನ್ನು ಅವಲಂಬಿಸಿದೆ.

ಮಂಗಳೂರು, ಉಡುಪಿಯಲ್ಲಿ ಕಾರು ಓಡಿಸುವವರ ಅಗತ್ಯ ಬೆಂಗಳೂರಿನವರಿಗಿಂತ ಬೇರೆ. ನಂತೂರು, ಕೆಪಿಟಿ, ಕಲ್ಸಂಕಗಳ ದಟ್ಟಣೆ ನಮಗೂ ಇದೆ. ಆದರೆ ಒಂದೆರಡು ಗಂಟೆ ಪೂರ್ವಕ್ಕೆ ಹೋದರೆ ಘಾಟಿ ಮತ್ತು ಕಾಡು. ಪಶ್ಚಿಮಕ್ಕೆ ತಿರುಗಿದರೆ ಅಷ್ಟು ಹೊತ್ತೂ ಬೇಡ, ಅಳಿವೆ, ಹಿನ್ನೀರು, ಹೊಳೆಯ ನಡುವಿನ ದ್ವೀಪಗಳಾದ ಕುದ್ರುಗಳು ಎದುರಾಗುತ್ತವೆ. ಹಳ್ಳಿಯ ಮನೆಗಳು ಬೀದಿಯ ಎರಡೂ ಬದಿ ಸಾಲಾಗಿ ನಿಂತಿಲ್ಲ. ಒಂದೊಂದು ಮನೆಯೂ ತನ್ನ ತೋಟದ ನಡುವೆ, ಕೆಂಪುಕಲ್ಲಿನ ಗೋಡೆಯ ಆಚೆ, ಮಣ್ಣಿನ ರಸ್ತೆಯ ಕೊನೆಯಲ್ಲಿ ಇದೆ. ಬೇರೆ ಊರಿನವರು ಬರೆದ ಹೋಲಿಕೆಗಳನ್ನು ಓದಿ ತೀರ್ಮಾನಿಸಿದರೆ ಇವು ಯಾವುದೂ ಲೆಕ್ಕಕ್ಕೆ ಬರುವುದಿಲ್ಲ.

ಮೊದಲು ಅಳತೆಗೋಲು

ಮೊದಲನೆಯದು ನಕ್ಷೆ ಎಷ್ಟು ಹೊಸದು ಎಂಬುದು. ಕರಾವಳಿಯ ರಸ್ತೆಗಳು ಬದಲಾಗುತ್ತಲೇ ಇವೆ. ವರ್ಷಗಟ್ಟಲೆ ನಗೆಪಾಟಲಾಗಿದ್ದ ಪಂಪ್‌ವೆಲ್ ಮೇಲ್ಸೇತುವೆ 2020ರ ಜನವರಿ ಕೊನೆಗೆ ಸಂಚಾರಕ್ಕೆ ತೆರೆಯಿತು. ಸುರತ್ಕಲ್‌ನಲ್ಲಿ ಟೋಲ್ ಸಂಗ್ರಹ ನಿಂತದ್ದು 2022ರ ಡಿಸೆಂಬರ್ 1ರಿಂದ. ಉಡುಪಿಯ ಸಂತೆಕಟ್ಟೆ ಮತ್ತು ಇಂದ್ರಾಳಿಯಲ್ಲಿ ಕಾಮಗಾರಿ ನಡೆದ ಕಾಲದಲ್ಲಿ ವಾಹನಗಳನ್ನು ಎಲ್ಲಿಂದ ತಿರುಗಿಸುತ್ತಾರೆ ಎಂಬುದನ್ನು ಊರಿನವರೇ ಮತ್ತೆ ಮತ್ತೆ ಕೇಳಿ ತಿಳಿಯಬೇಕಾಗಿತ್ತು. ನಾಲ್ಕು ವರ್ಷ ಹಳೆಯ ನಕ್ಷೆ ಇಟ್ಟುಕೊಂಡ ಯಂತ್ರ ಇಂಥ ಕಡೆ ದಾರಿ ತೋರಿಸುವುದಿಲ್ಲ, ತಪ್ಪಿಸುತ್ತದೆ.

ಎರಡನೆಯದು ನೆಟ್‌ವರ್ಕ್ ಇಲ್ಲದಾಗ ಏನಾಗುತ್ತದೆ ಎಂಬುದು. ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ಬಿಡಿಸಬೇಕು. ನೆಟ್‌ವರ್ಕ್ ಹೋದರೆ ಜಿಪಿಎಸ್ ಹೋಗುವುದಿಲ್ಲ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಾ ಸಂಕೇತ ಕಳಿಸುತ್ತಿರುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ ಮೊಬೈಲಾಗಲಿ ಕಾರಾಗಲಿ ತಾನಿರುವ ಜಾಗವನ್ನು ಲೆಕ್ಕ ಹಾಕಿಕೊಳ್ಳುತ್ತದೆ. ಅದಕ್ಕೆ ಸಿಮ್ ಕೂಡ ಬೇಡ. ಇಂಟರ್ನೆಟ್ ಬೇಕಾಗುವುದು ನಕ್ಷೆಯ ಚಿತ್ರ ಇಳಿಸಿಕೊಳ್ಳಲು, ಊರಿನ ಹೆಸರು ಹುಡುಕಲು, ದಟ್ಟಣೆ ತಿಳಿಯಲು. ಹಾಗಾಗಿ ಶಿರಾಡಿಯ ನಡುವೆ ಮೊಬೈಲಿನ ಪರದೆಯಲ್ಲಿ ನೀಲಿ ಚುಕ್ಕೆ ಸರಿಯಾಗಿಯೇ ಚಲಿಸುತ್ತಿರುತ್ತದೆ, ಸುತ್ತಲಿನ ನಕ್ಷೆ ಮಾತ್ರ ಬೂದು ಬಣ್ಣದ ಬಯಲಾಗಿರುತ್ತದೆ. ನಕ್ಷೆ ಮೊದಲೇ ಯಂತ್ರದೊಳಗೆ ಇದ್ದರೆ ಈ ಸಮಸ್ಯೆ ಬರುವುದಿಲ್ಲ.

ಮೂರನೆಯದು ಕೊನೆಯ ಒಂದು ಕಿಲೋಮೀಟರು. ಮಂಗಳೂರಿನಿಂದ ಕಾರ್ಕಳಕ್ಕೆ ಹೋಗಲು ಯಾರಿಗೂ ಮ್ಯಾಪ್ ಬೇಡ. ಕಾರ್ಕಳ ದಾಟಿ, ಒಳರಸ್ತೆ ಹಿಡಿದು, ರಾತ್ರಿ ಹತ್ತು ಗಂಟೆಗೆ ನೇಮ ನಡೆಯುವ ಗುತ್ತಿನ ಮನೆಯ ಅಂಗಳ ತಲುಪಬೇಕಾದಾಗ ಬೇಕು. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ಇದೇ.

ನಾಲ್ಕನೆಯದು ಕಣ್ಣು ರಸ್ತೆಯ ಮೇಲೆ ಇರುತ್ತದೆಯೇ ಎಂಬುದು. ಕೊನೆಯದು ಖರ್ಚು ಮತ್ತು ಆಯುಷ್ಯ: ಕಾರನ್ನು ಹತ್ತು ವರ್ಷ ಇಟ್ಟುಕೊಳ್ಳುತ್ತೇವೆ, ಮೊಬೈಲನ್ನು ಮೂರು ನಾಲ್ಕು ವರ್ಷಕ್ಕೆ ಬದಲಾಯಿಸುತ್ತೇವೆ. ಕಾರಿನೊಳಗೆ ಕೂತ ತಂತ್ರಾಂಶ ಕಾರಿನೊಂದಿಗೇ ಮುದಿಯಾಗುತ್ತದೆ.

ಕಾರಿನೊಳಗಿನ ನ್ಯಾವಿಗೇಶನ್

ನಮ್ಮ ದೇಶದಲ್ಲಿ ಮಾರಾಟವಾಗುವ ಅನೇಕ ಕಾರುಗಳ ಒಳಗಿನ ನಕ್ಷೆಯನ್ನು ಒದಗಿಸುವುದು ಮ್ಯಾಪ್‌ಮೈಇಂಡಿಯಾ. 1995ರಲ್ಲಿ ಆರಂಭವಾದ ದೆಹಲಿಯ ಸಂಸ್ಥೆ ಇದು. ಇದರದ್ದೇ ಮೊಬೈಲ್ ಆ್ಯಪಿನ ಹೆಸರು ಮ್ಯಾಪಲ್ಸ್. ಹಿಂದೆ ಇಂಥ ನಕ್ಷೆಗಳು ಎಸ್‌ಡಿ ಕಾರ್ಡಿನಲ್ಲಿ ಬರುತ್ತಿದ್ದವು. ಸರ್ವಿಸ್ ಕೇಂದ್ರದಲ್ಲಿ ಹಣ ಕೊಟ್ಟು ಹೊಸತು ಹಾಕಿಸಿಕೊಳ್ಳಬೇಕಿತ್ತು, ಯಾರೂ ಹಾಕಿಸಿಕೊಳ್ಳುತ್ತಿರಲಿಲ್ಲ. 2019ರಲ್ಲಿ ಹುಂಡೈ ವೆನ್ಯೂ, ಎಂಜಿ ಹೆಕ್ಟರ್ ಬಂದ ಮೇಲೆ ಕಾರಿನೊಳಗೇ ಸಿಮ್ ಇರುವ ಪದ್ಧತಿ ಜನಪ್ರಿಯವಾಯಿತು. ಈಗ ಇಂಥ ಕಾರುಗಳಿಗೆ ದಟ್ಟಣೆಯ ಮಾಹಿತಿ ತನ್ನಿಂದ ತಾನೇ ಬರುತ್ತದೆ, ಕೆಲವಕ್ಕೆ ನಕ್ಷೆಯ ಹೊಸ ಆವೃತ್ತಿಯೂ ಹಾಗೆಯೇ ಬರುತ್ತದೆ. ಈ ಸೇವೆ ಮೊದಲ ಕೆಲವು ವರ್ಷ ಉಚಿತ, ಆಮೇಲೆ ಚಂದಾ ಕಟ್ಟಬೇಕು. ಶೋರೂಮಿನಲ್ಲಿ ‘ಉಚಿತ’ ಎಂಬ ಭಾಗವನ್ನು ಹೇಳುತ್ತಾರೆ, ‘ಆಮೇಲೆ’ ಎಂಬ ಭಾಗವನ್ನು ನೀವೇ ಕೇಳಬೇಕು.

ಇದರ ನಿಜವಾದ ಬಲ ಘಾಟಿಯಲ್ಲಿ ಕಾಣುತ್ತದೆ. ಇಡೀ ದೇಶದ ನಕ್ಷೆ ಕಾರಿನೊಳಗೇ ಇರುವುದರಿಂದ ಆಗುಂಬೆಯ 14 ತಿರುವುಗಳ ನಡುವೆಯೂ ಪರದೆ ಬೂದಾಗುವುದಿಲ್ಲ. ಇನ್ನೊಂದು ಸೂಕ್ಷ್ಮವೂ ಇದೆ. ದಟ್ಟ ಮರ, ಎತ್ತರದ ಗುಡ್ಡದ ನಡುವೆ ಉಪಗ್ರಹದ ಸಂಕೇತ ದುರ್ಬಲವಾದಾಗ ಒಳ್ಳೆಯ ವ್ಯವಸ್ಥೆ ಇರುವ ಕಾರು, ಚಕ್ರ ಎಷ್ಟು ತಿರುಗಿತು, ಕಾರು ಎತ್ತ ಹೊರಳಿತು ಎಂಬ ತನ್ನದೇ ಲೆಕ್ಕದಿಂದ ಜಾಗವನ್ನು ಅಂದಾಜು ಮಾಡುತ್ತಾ ಹೋಗುತ್ತದೆ. ಕಾರವಾರದ ಹೆದ್ದಾರಿ ಸುರಂಗದಲ್ಲಿ, ಮಾಲ್‌ಗಳ ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಇದು ಉಪಯೋಗಕ್ಕೆ ಬರುತ್ತದೆ. ಮೊಬೈಲಿಗೆ ಚಕ್ರದ ಸಂಪರ್ಕ ಇಲ್ಲ.

ಸ್ಟೀರಿಂಗ್ ಹಿಂದಿನ ಮೀಟರಿನಲ್ಲೇ ಮುಂದಿನ ತಿರುವು ಕಾಣಿಸುವ ಸೌಲಭ್ಯವೂ ಹಲವು ಮಾದರಿಗಳಲ್ಲಿದೆ. ಕತ್ತನ್ನು ಪಕ್ಕಕ್ಕೆ ಹೊರಳಿಸುವ ಅಗತ್ಯವೇ ಇಲ್ಲ. ಕರೆ ಬಂದರೂ ನಕ್ಷೆ ಮರೆಯಾಗುವುದಿಲ್ಲ, ಬ್ಯಾಟರಿಯ ಚಿಂತೆ ಇಲ್ಲ. ಸ್ಮಾರ್ಟ್‌ಫೋನಿನೊಂದಿಗೆ ಜಗಳವಾಡಲು ಇಷ್ಟವಿಲ್ಲದ ಹಿರಿಯರಿಗೆ ಇದು ದೊಡ್ಡ ನೆಮ್ಮದಿ. ಒಮ್ಮೆ ಮನೆಯನ್ನೂ ಮಗಳ ಮನೆಯನ್ನೂ ಆಸ್ಪತ್ರೆಯನ್ನೂ ಗುರುತು ಮಾಡಿಟ್ಟರೆ ಮುಗಿಯಿತು.

ಸೋಲುವುದು ಹುಡುಕಾಟದಲ್ಲಿ. ನಮ್ಮ ಊರುಗಳ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವುದಕ್ಕೆ ಹಿಡಿತವೇ ಇಲ್ಲ. ಕಾಪು ಒಂದು ಫಲಕದಲ್ಲಿ ಕಾಪು, ಇನ್ನೊಂದರಲ್ಲಿ ಕೌಪ್. ಮೂಡುಬಿದಿರೆಯನ್ನು ಮೂರು ನಾಲ್ಕು ಬಗೆಯಲ್ಲಿ ಬರೆಯುತ್ತಾರೆ. ಮೊಬೈಲಿನ ಮ್ಯಾಪ್ ನೀವು ಹೇಗೆ ಬರೆದರೂ ಊಹಿಸಿಕೊಳ್ಳುತ್ತದೆ, ಕನ್ನಡದಲ್ಲಿ ಬರೆದರೂ ಗುರುತಿಸುತ್ತದೆ. ಕಾರಿನ ವ್ಯವಸ್ಥೆ ಹಲವು ಸಲ ತನ್ನ ಪಟ್ಟಿಯಲ್ಲಿರುವ ಅಕ್ಷರಗಳನ್ನೇ ಕೇಳುತ್ತದೆ. ಇನ್ನು ಉಚ್ಚಿಲ ಎಂದು ಬರೆದರೆ ಯಾವ ಉಚ್ಚಿಲ? ಉಳ್ಳಾಲದ ದಕ್ಷಿಣಕ್ಕೆ ಸೋಮೇಶ್ವರದ ಪಕ್ಕ ಒಂದಿದೆ, ಪಡುಬಿದ್ರಿ ಮತ್ತು ಕಾಪು ನಡುವೆ ಮಹಾಲಕ್ಷ್ಮಿ ದೇವಸ್ಥಾನದ ಉಚ್ಚಿಲ ಇನ್ನೊಂದಿದೆ. ಮದುವೆಯ ಮುಹೂರ್ತಕ್ಕೆ ತಪ್ಪು ಉಚ್ಚಿಲಕ್ಕೆ ಹೋದವರು ಊಟದ ಹೊತ್ತಿಗೂ ಸರಿಯಾದ ಉಚ್ಚಿಲ ತಲುಪುವುದು ಕಷ್ಟ.

ಅದಕ್ಕಿಂತ ದೊಡ್ಡ ತೊಡಕು ಲೊಕೇಶನ್. ಈಗ ಗೃಹಪ್ರವೇಶವಿರಲಿ, ಬಯಲಾಟವಿರಲಿ, ಆಮಂತ್ರಣ ಪತ್ರಿಕೆಯ ಜೊತೆಗೆ ವಾಟ್ಸಾಪ್‌ನಲ್ಲಿ ಲೊಕೇಶನ್ ಬರುತ್ತದೆ. ಅದು ಬರುವುದು ಮೊಬೈಲಿಗೆ. ಅಲ್ಲೇ ಒತ್ತಿದರೆ ದಾರಿ ತೆರೆಯುತ್ತದೆ. ಅದನ್ನು ಕಾರಿನೊಳಗಿನ ನ್ಯಾವಿಗೇಶನ್‌ಗೆ ದಾಟಿಸಲು ಕಂಪನಿಯ ಆ್ಯಪ್ ಮೂಲಕ ಸುತ್ತಿ ಬರಬೇಕು. ಕೆಲವು ಕಾರುಗಳಲ್ಲಿ ಆ ಸೌಲಭ್ಯವೂ ಇಲ್ಲ. ಒಂದು ಸಲ ಕಷ್ಟಪಟ್ಟವರು ಎರಡನೆಯ ಸಲ ಮೊಬೈಲನ್ನೇ ತೆರೆಯುತ್ತಾರೆ.

ಮೊಬೈಲಿನ ಮ್ಯಾಪ್

ಗೂಗಲ್ ಮ್ಯಾಪ್ಸ್ ಗೆಲ್ಲುವುದು ತಾಜಾತನದಲ್ಲಿ. ಎರಡು ವರ್ಷಕ್ಕೊಮ್ಮೆ ಜನವರಿ 18ರ ಪರ್ಯಾಯಕ್ಕೆ ಉಡುಪಿಯ ಒಳರಸ್ತೆಗಳೆಲ್ಲ ಬೇರೆಯೇ ರೂಪ ತಾಳುತ್ತವೆ. ಮಂಗಳೂರಿನಲ್ಲಿ ಕುದ್ರೋಳಿಯ ದಸರಾ ಮೆರವಣಿಗೆಯ ರಾತ್ರಿ ನಗರದ ನಡುವೆ ಕಾರು ಹಾಕಿಕೊಂಡು ಹೋಗುವುದೇ ಸಾಹಸ. ಸಾವಿರಾರು ಮೊಬೈಲುಗಳು ಎಷ್ಟು ವೇಗದಲ್ಲಿ ಚಲಿಸುತ್ತಿವೆ ಎಂಬುದನ್ನು ನೋಡಿ ದಟ್ಟಣೆ ಲೆಕ್ಕ ಹಾಕುವ ಆ್ಯಪ್ ಇಂಥ ದಿನಗಳಲ್ಲಿ ನಿಮಿಷಗಳೊಳಗೆ ಕೆಂಪು ಗೆರೆ ಎಳೆಯುತ್ತದೆ. ರಸ್ತೆ ಮುಚ್ಚಿದ್ದರೆ ನೀವೇ ವರದಿ ಮಾಡಬಹುದು. ಕನ್ನಡದಲ್ಲಿ ದಾರಿ ಹೇಳಿಸಿಕೊಳ್ಳಬಹುದು, ಊರಿನ ಹೆಸರುಗಳ ಉಚ್ಚಾರಣೆಗೆ ಆಗಾಗ ನಗು ಬಂದರೂ.

ಇದೇ ಲೆಕ್ಕದ ಇನ್ನೊಂದು ಮುಖ: ಮೊಬೈಲುಗಳೇ ಓಡಾಡದ ರಸ್ತೆಯ ಬಗ್ಗೆ ಅದಕ್ಕೆ ಹೆಚ್ಚು ತಿಳಿದಿರುವುದಿಲ್ಲ. ರಾತ್ರಿ ಹೊತ್ತಿನ ಒಳರಸ್ತೆಯಲ್ಲಿ ‘ದಟ್ಟಣೆ ಇಲ್ಲ’ ಎಂದರೆ ರಸ್ತೆ ಚೆನ್ನಾಗಿದೆ ಎಂದು ಅರ್ಥವಲ್ಲ. ಎರಡು ನಿಮಿಷ ಉಳಿಸಲು ಅದು ನಿಮ್ಮನ್ನು ಎರಡು ಕಾಂಪೌಂಡುಗಳ ನಡುವಿನ ಓಣಿಗೆ ನುಗ್ಗಿಸಬಹುದು. ಎದುರಿನಿಂದ ಆಟೋರಿಕ್ಷಾ ಬಂದರೆ ಹಿಂದಕ್ಕೆ ಹೋಗಲು ಜಾಗವಿಲ್ಲದ ಓಣಿ ಅದು. 2024ರಲ್ಲಿ ಕಿರಿದಾದ ರಸ್ತೆಗಳ ಎಚ್ಚರಿಕೆಯನ್ನು ಗೂಗಲ್ ಭಾರತದಲ್ಲಿ ಆರಂಭಿಸಿದಾಗ ಮೊದಲ 8 ನಗರಗಳ ಪಟ್ಟಿಯಲ್ಲಿ ಬೆಂಗಳೂರು ಇತ್ತು, ಮಂಗಳೂರು ಇರಲಿಲ್ಲ.

ನೀರಿನ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿ ಕಣ್ಣಿಗೆ ಕಾಣುವಷ್ಟು ಹತ್ತಿರ. ಆದರೆ ನಡುವೆ ಇರುವುದು ದೋಣಿ. ಕಾರಿನವರು ಕೂಳೂರು ಸೇತುವೆ ಸುತ್ತಿ ಬರಬೇಕು. ಕೆಮ್ಮಣ್ಣಿನ ತೂಗುಸೇತುವೆ ನಡೆದು ಹೋಗುವವರಿಗೆ ಮಾತ್ರ. ಕೋಡಿಬೆಂಗ್ರೆ ಮತ್ತು ಹಂಗಾರಕಟ್ಟೆ ಎದುರುಬದುರು ಇದ್ದರೂ ನಡುವೆ ಅಳಿವೆ ಇದೆ. ಕೊನೆಯ ಕಿಲೋಮೀಟರಿನಲ್ಲಿ ‘ನೀವು ತಲುಪಿದ್ದೀರಿ’ ಎಂದು ಮ್ಯಾಪ್ ಘೋಷಿಸಿದಾಗ ಮನೆ ಹೊಳೆಯ ಆಚೆ ಬದಿಯಲ್ಲಿ ಕಾಣುತ್ತಿರುವುದು ನಮ್ಮ ಕಡೆ ಅಪರೂಪವಲ್ಲ. ಒಳನಾಡಿನಲ್ಲಾದರೆ ತೋಡಿಗೆ ಹಾಕಿದ ಕಾಲುಸಂಕವನ್ನೂ ಕಿಂಡಿ ಅಣೆಕಟ್ಟಿನ ಮೇಲಿನ ಇಕ್ಕಟ್ಟಾದ ದಾರಿಯನ್ನೂ ನಕ್ಷೆಯ ಗೆರೆ ನೋಡಿ ನಂಬುವಂತಿಲ್ಲ.

ಮಳೆಗಾಲದಲ್ಲಿ ಇದು ತಮಾಷೆಯ ವಿಷಯವಾಗಿ ಉಳಿಯುವುದಿಲ್ಲ. 2024ರ ಜೂನ್‌ನಲ್ಲಿ ಕಾಸರಗೋಡು ಜಿಲ್ಲೆಯ ಪಳ್ಳಂಜಿಯಲ್ಲಿ ಕರ್ನಾಟಕದ ಆಸ್ಪತ್ರೆಯೊಂದಕ್ಕೆ ಹೊರಟಿದ್ದ ಇಬ್ಬರು ಯುವಕರು ಮ್ಯಾಪ್ ನೋಡಿಕೊಂಡು ಬಂದು ತುಂಬಿ ಹರಿಯುತ್ತಿದ್ದ ಹೊಳೆಗೆ ಕಾರು ಇಳಿಸಿದರು. ಕಾರು ಕೊಚ್ಚಿಹೋಗಿ ಮರವೊಂದಕ್ಕೆ ಸಿಕ್ಕಿಕೊಂಡಿತು, ಅಗ್ನಿಶಾಮಕ ದಳದವರು ಅವರನ್ನು ಕಾಪಾಡಿದರು. ಅದೇ ವರ್ಷ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಬರೇಲಿಯ ಬಳಿ ನೆರೆಗೆ ಮುಂಭಾಗ ಕೊಚ್ಚಿಹೋಗಿದ್ದ ಸೇತುವೆಯಿಂದ ಕಾರು ರಾಮಗಂಗಾ ನದಿಗೆ ಬಿದ್ದು ಮೂವರು ಸತ್ತರು. ಸೇತುವೆ ಇದೆ ಎಂಬುದು ನಕ್ಷೆಗೆ ಗೊತ್ತು, ಇವತ್ತು ಅದರ ಮೇಲೆ ನೀರು ಎಷ್ಟಿದೆ ಎಂಬುದು ಗೊತ್ತಿಲ್ಲ. ಈ ಮಿತಿ ಕಾರಿನ ನ್ಯಾವಿಗೇಶನ್‌ಗೂ ಅಷ್ಟೇ ಅನ್ವಯಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಕತ್ತಲಾದ ಮೇಲೆ, ಗೊತ್ತಿಲ್ಲದ ಒಳರಸ್ತೆಯ ‘ಹತ್ತಿರದ ದಾರಿ’ಯನ್ನು ಯಾವ ಪರದೆ ತೋರಿಸಿದರೂ ಬಿಟ್ಟುಬಿಡಿ, ದೊಡ್ಡ ರಸ್ತೆಯಲ್ಲೇ ಸುತ್ತಿ ಹೋಗಿ.

ಘಾಟಿ ಮುಚ್ಚಿದಾಗಲೂ ಹೀಗೆಯೇ. ಭೂಕುಸಿತವಾಗಿ ಶಿರಾಡಿ ಬಂದ್ ಆದರೆ ಮ್ಯಾಪ್ ಚಾರ್ಮಾಡಿಯನ್ನೋ ಸಂಪಾಜೆಯನ್ನೋ ತೋರಿಸೀತು. ಆದರೆ ಅಲ್ಲಿ ರಾತ್ರಿ ಸಂಚಾರಕ್ಕೆ ತಡೆ ಇದೆಯೇ, ಆಗುಂಬೆಯಲ್ಲಿ ಭಾರಿ ವಾಹನ ನಿಷೇಧಿಸಿದ್ದಾರೆಯೇ ಎಂಬುದು ಜಿಲ್ಲಾಧಿಕಾರಿಗಳ ಆದೇಶದಲ್ಲಿ ಇರುತ್ತದೆ. ಸಾಮಾನ್ಯ ಗೂಗಲ್ ಮ್ಯಾಪ್ಸ್‌ನಲ್ಲಿ ಬಸ್ಸು, ಲಾರಿಗೆಂದು ಪ್ರತ್ಯೇಕ ದಾರಿ ತೋರಿಸುವ ವ್ಯವಸ್ಥೆ ಇಲ್ಲ. ಬಾಡಿಗೆಗೆ ದೊಡ್ಡ ವಾಹನ ಓಡಿಸುವವರು ಹೊರಡುವ ಮೊದಲು ಆ ದಿನದ ಪತ್ರಿಕೆ ನೋಡುವುದು ಈಗಲೂ ಒಳ್ಳೆಯದು.

ನೆಟ್‌ವರ್ಕಿನ ಸಮಸ್ಯೆಗೆ ಮೊಬೈಲಿನಲ್ಲಿ ಪರಿಹಾರ ಇದೆ, ಬಹುತೇಕರು ಬಳಸುವುದಿಲ್ಲ. ಗೂಗಲ್ ಮ್ಯಾಪ್ಸ್‌ನ ಆಫ್‌ಲೈನ್ ನಕ್ಷೆಯಲ್ಲಿ ನಿಮ್ಮ ಜಿಲ್ಲೆ ಮತ್ತು ಘಾಟಿಯ ಆಚೆಯ ಭಾಗವನ್ನು ಮನೆಯ ವೈಫೈಯಲ್ಲೇ ಇಳಿಸಿಟ್ಟುಕೊಳ್ಳಬಹುದು. ನೆಟ್‌ವರ್ಕ್ ಇಲ್ಲದಾಗಲೂ ಕಾರಿನ ದಾರಿ ತೋರಿಸುತ್ತದೆ. ದಟ್ಟಣೆ, ಬದಲಿ ದಾರಿ ಮಾತ್ರ ಸಿಗುವುದಿಲ್ಲ. ಬಹಳ ದಿನ ನವೀಕರಿಸದಿದ್ದರೆ ಅದರ ಅವಧಿ ಮುಗಿದುಹೋಗುತ್ತದೆ, ಆದ್ದರಿಂದ ತಾನಾಗಿ ನವೀಕರಿಸುವ ಆಯ್ಕೆಯನ್ನು ಒತ್ತಿಡಿ. ಇನ್ನೂ ಒಂದು ಆಸರೆ ಬೇಕೆನ್ನುವವರು ಆರ್ಗ್ಯಾನಿಕ್ ಮ್ಯಾಪ್ಸ್‌ನಂಥ ಆ್ಯಪ್ ಹಾಕಿಕೊಳ್ಳಬಹುದು. ಜನರೇ ಸೇರಿ ಕಟ್ಟಿದ ಓಪನ್‌ಸ್ಟ್ರೀಟ್‌ಮ್ಯಾಪ್ ಅದರ ಆಧಾರ. ಸಂಪೂರ್ಣ ಆಫ್‌ಲೈನಿನಲ್ಲೇ ನಡೆಯುತ್ತದೆ, ಹಣ ಕೇಳುವುದಿಲ್ಲ. ಚಾರಣಕ್ಕೆ ಹೋಗುವವರಿಗೆ ಇದು ಗೂಗಲ್‌ಗಿಂತ ವಾಸಿ.

ಮ್ಯಾಪಲ್ಸ್ ಆ್ಯಪನ್ನು ಜಂಕ್ಷನ್ನುಗಳ ಕಾರಣಕ್ಕೆ ಒಮ್ಮೆ ನೋಡಿ. ಮೇಲ್ಸೇತುವೆ ಹತ್ತಬೇಕೇ, ಕೆಳಗೆ ಸರ್ವಿಸ್ ರಸ್ತೆಯಲ್ಲಿ ಹೋಗಬೇಕೇ ಎಂಬುದನ್ನು ಅದು ಚಿತ್ರದಂತೆ ತೋರಿಸುತ್ತದೆ. ತೊಕ್ಕೊಟ್ಟಿನಿಂದ ಬಂದು ಕಂಕನಾಡಿಗೆ ಹೋಗಬೇಕಾದವರು ಪಂಪ್‌ವೆಲ್‌ನಲ್ಲಿ ತಪ್ಪಿ ಮೇಲೆ ಹತ್ತಿದರೆ ನಂತೂರಿನ ದಿಕ್ಕಿಗೆ ಸಾಗಿಹೋಗುತ್ತಾರೆ. ಹೊರಗಿನಿಂದ ಬಂದವರಿಗೆ ಈ ಚಿತ್ರ ಉಪಕಾರಿ.

ಪರದೆ ಎಲ್ಲಿರಬೇಕು?

ಮೊಬೈಲ್ ಗೆದ್ದಿತು ಎನ್ನುವ ಮೊದಲು ಅದನ್ನು ಎಲ್ಲಿ ಇಡುತ್ತೀರಿ ಎಂಬ ಪ್ರಶ್ನೆ ಇದೆ. ತೊಡೆಯ ಮೇಲೆ, ಗೇರಿನ ಪಕ್ಕದ ಗುಂಡಿಯಲ್ಲಿ, ಪಕ್ಕದಲ್ಲಿ ಕುಳಿತ ಹೆಂಡತಿಯ ಕೈಯಲ್ಲಿ! ಮೂರೂ ತಪ್ಪು, ಮೂರನೆಯದರಲ್ಲಿ ಜಗಳದ ಸಾಧ್ಯತೆಯೂ ಇದೆ. ವಾಹನ ಓಡಿಸುವಾಗ ಕೈಯಲ್ಲಿ ಹಿಡಿಯುವ ಸಾಧನ ಬಳಸುವುದನ್ನು 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 184ನೇ ಕಲಮು ಅಪಾಯಕಾರಿ ಚಾಲನೆ ಎಂದು ಹೆಸರಿಸಿದೆ. ಮೊದಲ ಸಲಕ್ಕೆ 1,000ದಿಂದ 5,000 ರೂಪಾಯಿ ದಂಡ, ಜೈಲಿಗೂ ಅವಕಾಶವಿದೆ. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ನಿಯಮ ದಾರಿ ನೋಡುವುದಕ್ಕಷ್ಟೇ, ಅದೂ ಚಾಲಕನ ಗಮನ ಕೆಡದಂತೆ, ಮೊಬೈಲ್ ಬಳಸಲು ಒಪ್ಪಿದೆ. ಅಂದರೆ ಅದನ್ನು ಒಂದು ಕಡೆ ಭದ್ರವಾಗಿ ನಿಲ್ಲಿಸಲೇಬೇಕು.

ಕೆಲವು ನೂರು ರೂಪಾಯಿಯ ಮೊಬೈಲ್ ಸ್ಟ್ಯಾಂಡ್ ಎಲ್ಲಕ್ಕಿಂತ ಅಗ್ಗದ ದಾರಿ. ಆದರೆ ಕರಾವಳಿಯ ಬಿಸಿಲಿಗೆ ಗಾಜಿಗೆ ಅಂಟಿಸುವ ರಬ್ಬರಿನ ಬಟ್ಟಲು ಬಹುಬೇಗ ಹಿಡಿತ ಬಿಡುತ್ತದೆ, ಗಾಜಿಗೆ ಅಂಟಿಸಿದರೆ ನೋಟಕ್ಕೂ ಅಡ್ಡ. ಎಸಿಯ ಜಾಲರಿಗೆ ಸಿಕ್ಕಿಸುವ ಬಗೆಯದನ್ನು ಕೊಳ್ಳಿ. ತಂಗಾಳಿ ಮೊಬೈಲಿನ ಬೆನ್ನಿಗೆ ಬೀಳುತ್ತದೆ. ಇದು ಬರಿಯ ಸೌಕರ್ಯದ ಮಾತಲ್ಲ. ಐಫೋನನ್ನು 35 ಡಿಗ್ರಿ ಸೆಲ್ಸಿಯಸ್ ಒಳಗಿನ ವಾತಾವರಣದಲ್ಲಿ ಬಳಸಿ ಎಂದು ತಯಾರಕರೇ ಹೇಳುತ್ತಾರೆ. ಏಪ್ರಿಲ್ ಮಧ್ಯಾಹ್ನ ಡ್ಯಾಶ್‌ಬೋರ್ಡಿನ ಮೇಲೆ, ಚಾರ್ಜ್ ಆಗುತ್ತಾ, ಜಿಪಿಎಸ್ ನಡೆಸುತ್ತಾ ಇರುವ ಮೊಬೈಲ್ ಕಾದು ಪರದೆ ಮಂಕಾಗುವುದು, ಕೆಲವೊಮ್ಮೆ ನಿಂತೇಹೋಗುವುದು ಸಹಜ.

ಹಾಗಾಗಿ ನನ್ನ ಒಲವು ಮಧ್ಯದ ದಾರಿಗೆ: ನಕ್ಷೆ ಮೊಬೈಲಿನದು, ಪರದೆ ಕಾರಿನದು. ಮೊಬೈಲಿನ ಆ್ಯಪನ್ನು ಕಾರಿನ ಪರದೆಯಲ್ಲಿ ತೋರಿಸುವ ಆಪಲ್ ಕಾರ್‌ಪ್ಲೇ 2014ರಲ್ಲಿ, ಆಂಡ್ರಾಯ್ಡ್ ಆಟೋ 2015ರಲ್ಲಿ ಬಂದವು. ಈಗ ಅಗ್ಗದ ಕಾರುಗಳಲ್ಲೂ ನಡುವಿನ ಮಾದರಿಗೆ ಬಂದರೆ ಇವನ್ನು ಒಪ್ಪುವ ಟಚ್‌ಸ್ಕ್ರೀನ್ ಸಿಗುತ್ತದೆ. ಮೊಬೈಲ್ ನೆರಳಿನಲ್ಲಿ ಡಬ್ಬಿಯೊಳಗೆ ಇರುತ್ತದೆ. ಮ್ಯಾಪ್ ದೊಡ್ಡ ಪರದೆಯಲ್ಲಿ ಕಾಣುತ್ತದೆ. ವಾಟ್ಸಾಪ್‌ನಲ್ಲಿ ಬಂದ ಲೊಕೇಶನ್ ಒತ್ತಿದರೆ ಅಲ್ಲೇ ತೆರೆಯುತ್ತದೆ. ಆಫ್‌ಲೈನ್ ನಕ್ಷೆಯೂ ಕೆಲಸ ಮಾಡುತ್ತದೆ. ಮೂರು ವರ್ಷದ ಬಳಿಕ ಹೊಸ ಮೊಬೈಲ್ ಕೊಂಡರೆ ಕಾರಿನ ನ್ಯಾವಿಗೇಶನ್ ಸಹ ಹೊಸದಾದಂತೆ. ಇಷ್ಟು ಕೈಯಲ್ಲಿರುವಾಗ ನ್ಯಾವಿಗೇಶನ್ ಒಂದಕ್ಕೇ ಟಾಪ್ ಮಾಡೆಲಿಗೆ ಹಾರುವುದು ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತೆ.

ಇದರ ಕಿರಿಕಿರಿಗಳೂ ಇವೆ. ತಂತಿಯಿಂದ ಜೋಡಿಸುವ ಕಾರಾದರೆ ಕೇಬಲ್ ಚೆನ್ನಾಗಿರಬೇಕು. ಚಾರ್ಜ್ ಮಾತ್ರ ಮಾಡುವ ಅಗ್ಗದ ಕೇಬಲ್ ಹಾಕಿ ‘ಕಾರೇ ಸರಿಯಿಲ್ಲ’ ಎಂದು ಸರ್ವಿಸ್ ಕೇಂದ್ರಕ್ಕೆ ಹೋಗುವವರು ಇದ್ದಾರೆ. ತಂತಿ ಇಲ್ಲದ ಜೋಡಣೆ ನೋಡಲು ಚೆಂದ, ಆದರೆ ಮೊಬೈಲ್ ಬೇಗ ಬಿಸಿಯಾಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ದೂರದ ಪ್ರಯಾಣಕ್ಕೆ ನಾನು ತಂತಿಯನ್ನೇ ಮೆಚ್ಚುತ್ತೇನೆ. ಒಂದೇ ಕಾರನ್ನು ಮನೆಯ ನಾಲ್ವರು ಓಡಿಸಿದರೆ ಯಾರ ಮೊಬೈಲ್ ಜೋಡಣೆಯಾಯಿತು ಎಂಬ ಗೊಂದಲ ತಪ್ಪಿದ್ದಲ್ಲ.

ಯಾರಿಗೆ ಯಾವುದು

ಸುರತ್ಕಲ್‌ನಿಂದ ನಗರಕ್ಕೆ, ಮಣಿಪಾಲದಿಂದ ಮಲ್ಪೆಗೆ ದಿನವೂ ಓಡಾಡುವವರಿಗೆ ದಾರಿ ಗೊತ್ತು. ಬೇಕಾದದ್ದು ದಟ್ಟಣೆಯ ಸುದ್ದಿ. ಆಂಡ್ರಾಯ್ಡ್ ಆಟೋ ಅಥವಾ ಕಾರ್‌ಪ್ಲೇ ಇರುವ ನಡುವಿನ ಮಾದರಿ ಧಾರಾಳವಾಗಿ ಸಾಕು. ಉಳಿದ ಹಣವನ್ನು ಒಳ್ಳೆಯ ಟಯರಿಗೆ ಇಟ್ಟುಕೊಳ್ಳಿ. ನಮ್ಮ ಮಳೆಗೆ ಅದರ ಅಗತ್ಯ ಹೆಚ್ಚು.

ವ್ಯಾಪಾರಕ್ಕೋ ಮಕ್ಕಳನ್ನು ನೋಡಲೋ ತಿಂಗಳಿಗೆ ಹಲವು ಸಲ ಘಟ್ಟ ಹತ್ತಿ ಇಳಿಯುವವರು, ಅದರಲ್ಲೂ ರಾತ್ರಿ ಓಡಿಸುವವರು, ಒಳಗಿನ ನ್ಯಾವಿಗೇಶನ್ ಬಗ್ಗೆ ಗಂಭೀರವಾಗಿ ಯೋಚಿಸಬಹುದು. ಮೀಟರಿನಲ್ಲೇ ತಿರುವು ಕಾಣುವುದು ನಾಲ್ಕೈದು ಗಂಟೆಯ ಚಾಲನೆಯಲ್ಲಿ ಆಯಾಸ ಕಡಿಮೆ ಮಾಡುತ್ತದೆ. ಟಾಪ್ ಮಾಡೆಲಿನಲ್ಲಿ ಅದರ ಜೊತೆಗೆ ಹೆಚ್ಚುವರಿ ಏರ್‌ಬ್ಯಾಗ್, ಒಳ್ಳೆಯ ಹೆಡ್‌ಲೈಟ್ ಬರುವುದಾದರೆ ಹಣ ಸಾರ್ಥಕ. ಹಾಗಿಲ್ಲದೆ ಸನ್‌ರೂಫ್ ಮತ್ತು ನ್ಯಾವಿಗೇಶನ್ ಮಾತ್ರ ಬರುವುದಾದರೆ ಆಫ್‌ಲೈನ್ ನಕ್ಷೆ ಇಳಿಸಿಟ್ಟ ಮೊಬೈಲೇ ಸಾಕು.

ಮೊಬೈಲಿನಲ್ಲಿ ಕರೆ ಮಾಡುವುದು, ಮೊಮ್ಮಕ್ಕಳ ಫೋಟೊ ನೋಡುವುದು ಬಿಟ್ಟು ಬೇರೇನೂ ಬೇಡ ಎನ್ನುವ ತಂದೆತಾಯಿಗೆ ಕಾರು ಕೊಡಿಸುತ್ತಿದ್ದರೆ ಒಳಗಿನ ನ್ಯಾವಿಗೇಶನ್ ಇರಲಿ. ಚಂದಾ ಮುಗಿದರೂ ನಕ್ಷೆ ನಡೆಯುತ್ತದೆಯೇ ಎಂಬುದನ್ನು ಮಾತ್ರ ಬರವಣಿಗೆಯಲ್ಲಿ ಕೇಳಿ ಪಡೆಯಿರಿ.

ರಜೆಗೆ ಕೊಲ್ಲಿಯಿಂದ ಬಂದು ಒಂದು ತಿಂಗಳು ಬಾಡಿಗೆ ಕಾರು ಓಡಿಸುವವರದು ಬೇರೆಯೇ ಕಥೆ. ವಿದೇಶದ ಸಿಮ್‌ನಲ್ಲಿ ರೋಮಿಂಗ್ ದುಬಾರಿ, ಇಲ್ಲಿನ ಸಿಮ್ ಚಾಲೂ ಆಗಲು ಸಮಯ ಬೇಕು. ವಿಮಾನ ಹತ್ತುವ ಮೊದಲೇ ದಕ್ಷಿಣ ಕನ್ನಡ, ಉಡುಪಿ ಎರಡೂ ಸೇರುವಂತೆ ಆಫ್‌ಲೈನ್ ನಕ್ಷೆ ಇಳಿಸಿಕೊಂಡರೆ ಬಜ್ಪೆಯಿಂದ ಮನೆಯವರೆಗೆ ಯಾರ ಹಂಗೂ ಬೇಡ. ಎರಡು ವರ್ಷದಲ್ಲಿ ಬದಲಾದ ಊರಿನ ಏಕಮುಖ ರಸ್ತೆಗಳಿಗೆ ಇದು ಬೇಕೇ ಬೇಕು.

ಹಳೆಯ ಕಾರು ಇದ್ದು ಬದಲಾಯಿಸುವ ಮನಸ್ಸಿಲ್ಲದವರಿಗೆ ಹೊರಗಿನ ಅಂಗಡಿಯಲ್ಲಿ ಟಚ್‌ಸ್ಕ್ರೀನ್ ಸ್ಟೀರಿಯೋ ಹಾಕಿಸಿಕೊಳ್ಳುವ ದಾರಿ ಇದೆ. ಸುಮಾರು ಹತ್ತು ಸಾವಿರ ರೂಪಾಯಿಯ ಆಸುಪಾಸಿನಿಂದ ಬೆಲೆ ಏರುತ್ತಾ ಹೋಗುತ್ತದೆ. ಹೆಸರಿಲ್ಲದ ಬ್ರಾಂಡಿನ ಅತ್ಯಗ್ಗದ ಪೆಟ್ಟಿಗೆ ಬೇಡ. ಬಿಸಿಲಿನಲ್ಲಿ ಪರದೆ ಕಾಣುವುದಿಲ್ಲ, ಎರಡನೆಯ ಮಳೆಗಾಲಕ್ಕೆ ಟಚ್ ಕೈಕೊಡುತ್ತದೆ. ತಂತಿ ಕತ್ತರಿಸದೆ ನಿಮ್ಮ ಕಾರಿಗೇ ಹೊಂದುವ ಕಪ್ಲರ್ ಹಾಕಿ ಕೂರಿಸುವವರ ಬಳಿ ಹೋಗಿ. ವಾರಂಟಿ ಉಳಿದಿರುವ ಕಾರಾದರೆ ಕಂಪನಿಯ ಸರ್ವಿಸ್ ಕೇಂದ್ರದಲ್ಲಿ ಒಮ್ಮೆ ವಿಚಾರಿಸಿ.

ಶೋರೂಮಿನಲ್ಲಿ ಏನು ಕೇಳಬೇಕು

ಟೆಸ್ಟ್ ಡ್ರೈವ್ ಕೊಡುವಾಗ ಅವರು ನಿಮ್ಮನ್ನು ಹೆದ್ದಾರಿಯಲ್ಲಿ ಎರಡು ಕಿಲೋಮೀಟರ್ ಓಡಿಸಿ ಕರೆತರುತ್ತಾರೆ. ಅದರ ಬದಲು ಕಾರಿನ ನ್ಯಾವಿಗೇಶನ್‌ನಲ್ಲಿ ನಿಮ್ಮ ಮನೆಯನ್ನೇ ಹುಡುಕಿ. ಬಡಾವಣೆಯ ಅಡ್ಡರಸ್ತೆ, ಊರಿನ ದೈವಸ್ಥಾನ, ಹತ್ತಿರದ ಶಾಲೆ ಸಿಗುತ್ತವೆಯೇ ನೋಡಿ. ಸುರತ್ಕಲ್ ದಾಟುವ ದಾರಿ ಹಾಕಿ, ಟೋಲ್ ಇದೆ ಎಂದು ಅದು ಇನ್ನೂ ಹೇಳುತ್ತಿದೆಯೇ ಗಮನಿಸಿ; ನಕ್ಷೆಯ ವಯಸ್ಸು ತಿಳಿಯುತ್ತದೆ. ನವೀಕರಣ ಎಷ್ಟು ವರ್ಷ ಉಚಿತ, ಬಳಿಕ ವರ್ಷಕ್ಕೆ ಎಷ್ಟು, ಕಾರನ್ನು ಮಾರಿದರೆ ಚಂದಾ ಹೊಸ ಮಾಲೀಕರಿಗೆ ಹೋಗುತ್ತದೆಯೇ ಎಂದು ಕೇಳಿ. ನೀವು ಎಲ್ಲಿಗೆ ಹೋದಿರಿ ಎಂಬ ದಾಖಲೆ ಕಂಪನಿಗೂ ತಲುಪುತ್ತದೆಯೇ ಎಂಬುದನ್ನೂ ಕೇಳಿ. ಮೊಬೈಲ್ ಆ್ಯಪಿನಲ್ಲಿ ಇದನ್ನು ನೀವೇ ನಿಲ್ಲಿಸಬಹುದು, ಕಾರಿನಲ್ಲಿ ಆ ಗುಂಡಿ ಎಲ್ಲಿದೆ ಎಂದು ತೋರಿಸಲು ಹೇಳಿ.

ನಿಮ್ಮದೇ ಮೊಬೈಲನ್ನೂ ನಿಮ್ಮದೇ ಕೇಬಲನ್ನೂ ಒಯ್ದು ಜೋಡಿಸಿ. ಮಧ್ಯಾಹ್ನದ ಬಿಸಿಲಿನಲ್ಲಿ, ಕಾರಿನ ಮುಖವನ್ನು ಪಶ್ಚಿಮಕ್ಕೆ ಮಾಡಿ ಪರದೆ ಓದಲು ಬರುತ್ತದೆಯೇ ಪರೀಕ್ಷಿಸಿ. ದಾರಿ ಹೇಳುವ ದನಿ ಕನ್ನಡದಲ್ಲಿ ಇದೆಯೇ, ಎಸಿ ಜೋರಾಗಿದ್ದಾಗ ಕೇಳಿಸುತ್ತದೆಯೇ ನೋಡಿ. ಆಮೇಲೆ ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಎರಡೂ ವ್ಯವಸ್ಥೆಗಳಿಗೆ ಧರ್ಮಸ್ಥಳದ ದಾರಿ ಕೇಳಿ. ಮಾರಾಟದವರು ಇಷ್ಟಕ್ಕೆಲ್ಲ ಅವಕಾಶ ಕೊಡದಿದ್ದರೆ ಅದೇ ಕಾರನ್ನು ಮಾರುವ ಇನ್ನೊಂದು ಶೋರೂಮಿಗೆ ಹೋಗಿ.